ದಾಳಿಂಬರ ಎಳೆಯ ಗಂಟು

"ನಾರ್ವೆ ದೇಶದಾಗ ಹಾಲಿನ ಪಾಕೀಟಿನ ಮ್ಯಾಲೂ ಕೊಲಿ ಕಥಿ ಅಚ್ಚ ಹಾಕತಾರಂತ್ರಿ ಮೇಡಮ್ಮಾರ! ಹಾಲಿನ ಪಾಕೀಟಿನ ಮ್ಯಾಲ!"

ಇದನ್ನು ಹೇಳುವಾಗ ಪರಮಾನಂದನ ದನಿಯಲ್ಲಿದ್ದದ್ದು ಬೆರಗೋ ಹೊಟ್ಟೆಕಿಚ್ಚೋ, ಪಿಎಸ್‌ಐ ಗಂಗಾಂಬಿಕಾಳಿಗೆ ಬಿಡಿಸಿ ಹೇಳಲಾಗಲಿಲ್ಲ. ಬಹುಶಃ ಎರಡೂ. ಐವತ್ತು ದಾಟಿದ ಮನುಷ್ಯ. ಮೂಗಿನ ತುದಿಗೆ ಜಾರಿದ ಕನ್ನಡಕ, ಬೆರಳಿಗೆಲ್ಲ ಶಾಯಿ. ಮದುವೆಗೂ ಮೊದಲಿನಿಂದ ವಾರಪತ್ರಿಕೆಗಳಿಗೆ ಪತ್ತೇದಾರಿ ಕಥೆ ಬರೆಯುತ್ತ ಬಂದವನು. ಪೊಲೀಸರ ಎದುರಿನ ಕುರ್ಚಿಯಲ್ಲಿ ಕೂತದ್ದು ಮಾತ್ರ ಇದೇ ಮೊದಲು.

"ಯಾವಾಗ ಹಾಕತಾರ?"

"ಅವರ ಈಸ್ಟರ್ ಹಬ್ಬದಾಗ್ರಿ. ಹಬ್ಬ ಬಂತಂದ್ರ ಮಂದಿಯೆಲ್ಲಾ ಗುಡ್ಡದ ಮ್ಯಾಲಿನ ಮನಿಗೆ ಹೋಗಿ, ಬೆಂಕಿ ಮುಂದ ಕುಂತು ಕೊಲಿ ಕಥಿ ಓದತಾರಂತ. ದೇಶಕ್ಕ ದೇಶಾನ ಓದತೈತ್ರಿ! ನನ್ನ ಕಥಿ ಬಂದ ಹಾಳಿ ನಾ ಎಲ್ಲಿ ನೋಡೇನಿ ಗೊತ್ತೇನು? ಮಹಾಲಿಂಗಪುರ ಬಸ್ ಸ್ಟ್ಯಾಂಡಿನಾಗ. ಮಿರ್ಚಿ ಕಟ್ಟಿ ಕೊಟ್ಟಿದ್ರು. ಕೊಲಿಗಾರ ಯಾರು ಅನ್ನೂ ಸಾಲಿನ ಮ್ಯಾಲ ಎಣ್ಣಿ!"

ಗಂಗಾಂಬಿಕಾಳಿಗೆ ನಗು ಬಂತು. ತಡೆದುಕೊಂಡಳು.

ಅವರು ಕೂತಿದ್ದು ರಬಕವಿಯಲ್ಲಿ, ಪರಮಾನಂದನ ಹೆಂಡತಿಯ ತವರುಮನೆಯ ಮೇಲಿನ ಖೋಲಿಯಲ್ಲಿ. ಮೂರು ತಿಂಗಳಿಂದ ಆ ಖೋಲಿಯಲ್ಲಿ ಇದ್ದವಳು ನಾರ್ವೆ ದೇಶದ ಪತ್ತೇದಾರಿ ಕಾದಂಬರಿಗಾರ್ತಿ ಇಂಗರ್ ಸೋಲ್ಬಾಕ್. ಊರಿನ ಬಾಯಲ್ಲಿ ಇಂಗರಬಾಯಿ. ಮಂಗಳವಾರ ಮಧ್ಯಾಹ್ನ ಆಕೆ ಇದೇ ಮನೆಯ ಕಲ್ಲು ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದಳು. ಇವತ್ತು ಶುಕ್ರವಾರ. ಜಮಖಂಡಿಯ ದವಾಖಾನೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಕಾಲು ಜಾರಿ ಬಿದ್ದದ್ದಲ್ಲ. ಎರಡೂ ತೋಳಿನ ಮೇಲೆ ಬೆರಳು ಒತ್ತಿದ ಗುರುತುಗಳಿವೆ ಎಂದು ಡಾಕ್ಟರು ಹೇಳಿದ್ದರು. ಯಾರೋ ಹಿಡಿದು ನೂಕಿದ್ದರು.

ಯಾರು ಅನ್ನುವುದನ್ನು ಊರು ಆಗಲೇ ತೀರ್ಮಾನ ಮಾಡಿತ್ತು. ಭಾನುವಾರ ಜಮಖಂಡಿಯಲ್ಲಿ ಇಂಗರಬಾಯಿಗೆ ಸನ್ಮಾನ ನಡೆದಿತ್ತು. ಮೈಕಿನ ಮುಂದೆ ಆಕೆ ಮುಧೋಳದ ನಾಯಿಗಳನ್ನು ನೆನೆದಳು, ಬನಹಟ್ಟಿಯ ನೇಕಾರರನ್ನು ನೆನೆದಳು, ಕಾರು ಕೊಟ್ಟ ತೇರದಾಳದ ಪಾರಿಸಪ್ಪನವರನ್ನು ನೆನೆದಳು. ಮೂರು ತಿಂಗಳು ತನ್ನ ಬೆನ್ನಿಗೇ ತಿರುಗಿದ ಪರಮಾನಂದನ ಹೆಸರನ್ನು ಮಾತ್ರ ಎತ್ತಲಿಲ್ಲ. ಅವನು ಎಲ್ಲರೂ ನೋಡುತ್ತಿರುವಾಗಲೇ ಎದ್ದು ಹೋಗಿದ್ದ.

"ಸಂಜಿಯೊಳಗ ಆ ಬರಹಗಾರನ್ನ ಠಾಣೆಗೆ ಕರಕೊಂಡ ಬಾರವಾ. ದಿಲ್ಲಿಯಿಂದ ಫೋನ್ ಬರಾಕತ್ತಾವು," ಎಂದು ಡಿವೈಎಸ್‌ಪಿ ಸಾಹೇಬರು ಬೆಳಗ್ಗೆಯೇ ಹೇಳಿದ್ದರು. ಸಂಜೆಗೆ ಇನ್ನು ಬಹಳ ಹೊತ್ತಿರಲಿಲ್ಲ.

"ಆಕಿ ಬಗ್ಗೆ ಹೇಳ್ರಿ. ನಿಮ್ಮ ಬಗ್ಗೆ ಅಲ್ಲ," ಅಂದಳು ಗಂಗಾಂಬಿಕಾ.

"ಆಕಿ ಹುಟ್ಟಿದ್ದು ಉತ್ತರದ ತುದಿಗೆ, ಒಂದು ನಡುಗಡ್ಡಿಯಾಗ. ಚಳಿಗಾಲದಾಗ ಅಲ್ಲಿ ಸೂರ್ಯನ ಮಾರಿ ಕಾಣಂಗಿಲ್ಲ. ಅಪ್ಪ ಮೀನ ಹಿಡ್ಯಾಕ ಹೋದಾವ ತಿರುಗಿ ಬರಲಿಲ್ಲ. ಅವ್ವ ಲಾಡಿಯಂಥಾ ಪಟ್ಟಿ ನೇದು ಮಕ್ಕಳನ್ನ ಸಾಕಿದ್ಲು. ಇಂಗರಬಾಯಿ ಮೀನ ಒಣಗಸೂ ಕಾರಖಾನಿಯಾಗ ದುಡಿದ್ಲು, ಆಮ್ಯಾಲ ಪೋಸ್ಟಾಫೀಸು. ನಲವತ್ತ ದಾಟಿದ ಮ್ಯಾಲ ಮೊದಲನೇ ಕಾದಂಬರಿ. ನಾ ಮೊದಲನೇದು ಬರದಾಗ ನನಗ ಇಪ್ಪತ್ತಾರ್ರಿ! ಆಕಿಗಿಂತ ಲಗೂ ಚಾಲೂ ಮಾಡಿದಾವ ನಾನು!"

"ಮತ್ತ ನಿಮ್ಮ ಬಗ್ಗೆ ಬಂದ್ರಿ."

"ತಪ್ಪಾತ್ರಿ." ಕನ್ನಡಕ ಮೇಲಕ್ಕೆ ಸರಿಸಿದ. "ಆಕಿ ಕಾದಂಬರಿಯಾಗ ಪತ್ತೇದಾರಿ ಅಂದ್ರ ಪೊಲೀಸ್ ಅಲ್ಲ. ದೊಡ್ಡ ನಾವಿಯೊಳಗ ಟಿಕೀಟ ಕೊಡೂ ಹೆಣಮಗಳು. ಈ ದಂಡಿಯಿಂದ ಆ ದಂಡಿಗೆ ಹೋಗೂ ಮಂದಿ ಮಾರಿ ನೋಡಿ ಕಳ್ಳರನ್ನ ಗುರುತ ಹಿಡೀತಾಳ. ಇಪ್ಪತ್ತ ಭಾಷಾಕ್ಕ ಹೋದ್ವು ಆ ಪುಸ್ತಕ. ನನ್ನದು ಇನ್ನಾ ಮರಾಠಿಗೂ ಹೋಗಿಲ್ಲ. ಮರಾಠಿ! ಇಲ್ಲೇ ಬಾಜೂಕ ಐತ್ರಿ!"

"ಹೂಂ."

"ಆದ್ರ ಕಡೀ ಎರಡು ಕಾದಂಬರಿ ಬಿದ್ವು. ಬರದದ್ದನ್ನ ಬರೀತಾಳ ಅಂದ್ರು ಅಲ್ಲಿಯ ಪೇಪರಿನವರು." ಇದನ್ನು ಹೇಳುವಾಗ ಅವನ ಮುಖ ಒಂದು ಗಳಿಗೆ ಅರಳಿತು. "ಪೆನ್ನ ಹಿಡೀಲಾರದ ಸುಮ್ನ ಕುಂತಿದ್ಲು. ಅಂಥಾದ್ರಾಗ ಹಳೇ ಅಂಚೆ ಚೀಟಿ ತಿರುವುವಾಗ ಮುಧೋಳ ನಾಯಿ ಚಿತ್ರ ಇದ್ದ ನಮ್ಮ ದೇಶದ ಚೀಟಿ ಕೈಗೆ ಸಿಕ್ತು. ಆ ನಾಯಿ ನೋಡಬೇಕಂತ ತಿಮ್ಮಾಪುರದ ನಾಯಿ ಕೇಂದ್ರಕ್ಕ ಬಂದ್ಲು. ನಾನೂ ಅವತ್ತ ಅಲ್ಲೇ ಇದ್ದೆ. ಮನಿಗೆ ಕರಕೊಂಡ ಬಂದೆ. ಎಂಟ ದಿನಕ್ಕಂತ ಬಂದಾಕಿ, ಇಲ್ಲೇ ಕುಂತು ಬರ್ಯಾಕ ಚಾಲೂ ಮಾಡಿದ್ಲು. ಕಡೀ ಕಾದಂಬರಿ ಅಂತ ಹೇಳಿದ್ಲು. ನಮ್ಮ ಊರು, ನಮ್ಮ ಮಂದಿ, ನನ್ನ..."

ನಿಲ್ಲಿಸಿಬಿಟ್ಟ.

"ನಿಮ್ಮ?"

"ಏನಿಲ್ರಿ."

"ಆಕಿ ಮ್ಯಾಲ ನಿಮಗ ಹೊಟ್ಟಿಕಿಚ್ಚು ಇತ್ತೇನು?"

"ಇತ್ರಿ. ಈಗೂ ಐತಿ. ಸುಳ್ಳ ಯಾಕ ಹೇಳ್ಲಿ? ಆಕಿ ದವಾಖಾನಿಯಾಗ ಮಲಗಿದ್ರ ಅಲ್ಲಿ ಮೊದಲನೇ ಪುಟದ ಸುದ್ದಿ. ನಾ ಸತ್ರ ಪತ್ರಿಕಿಯವರು ಮುಂದಿನ ಕಂತ ಎಲ್ಲೈತಿ ಅಂತ ನನ್ನ ಹೇಣ್ತಿನ್ನ ಕೇಳತಾರ. ಆದ್ರ ನೂಕಿಲ್ರಿ. ಅವತ್ತ ಮಧ್ಯಾಹ್ನ ನಾ ಮಹಾಲಿಂಗಪುರದಾಗ ಇದ್ದೆ."

"ಯಾರ ನೋಡ್ಯಾರ?"

"ಬಸ್ ಸ್ಟ್ಯಾಂಡಿನಾಗ ಯಾರು ಯಾರನ್ನ ನೋಡತಾರ್ರಿ?"

ಗಂಗಾಂಬಿಕಾ ಎದ್ದು ಕಿಟಕಿಯ ಹತ್ತಿರ ಹೋದಳು. ಓಣಿಯ ತುಂಬ ಪಾವರ್‌ಲೂಮುಗಳ ಸದ್ದು. ಕಿಟಕಿಯ ಸರಳಿಗೆ ಕಟ್ಟಿದ ಒಂದು ಪಟ್ಟಿ ನೇತಾಡುತ್ತಿತ್ತು. ಬೆರಳಗಲ, ಅರ್ಧ ನೇಯ್ದದ್ದು. ನೇಯದೆ ಉಳಿದ ಬಣ್ಣಬಣ್ಣದ ಎಳೆಗಳನ್ನು ಕುರ್ಚಿಯ ಕಾಲಿಗೆ ಬಿಗಿದಿದ್ದರು. ಮೂರು ದಿನದಿಂದ ಗಂಗಾಂಬಿಕಾ ಇದನ್ನು ನೋಡುತ್ತಲೇ ಇದ್ದಳು. ಕೇಳಿರಲಿಲ್ಲ.

"ಇದೇನು?"

"ಅದಾ? ಅದು ಆಕಿ ಬರಿಯೂ ರೀತಿರಿ. ಕಥಿ ಹಾಳಿ ಮ್ಯಾಲ ಹೊಂದಸಂಗಿಲ್ಲ, ಹಿಂಗ ನೇದು ಹೊಂದಸತಾಳ. ಅವ್ವನಿಂದ ಬಂದ ರೂಢಿ. ಒಬ್ಬೊಬ್ಬ ಪಾತ್ರಕ್ಕ ಒಂದೊಂದ ಬಣ್ಣದ ಎಳಿ. ಕಥಿ ನಡದಂಗ ಪಟ್ಟಿ ಬೆಳೀತೈತಿ. ಯಾರರ ಸತ್ರು ಅನ್ರಿ, ಅಲ್ಲಿಗೆ ಅವರ ಎಳಿ ಕತ್ತರಸತಾಳ. ಇದರಾಗ ನಾವೆಲ್ಲಾ ಅದೀವಿ. ಈ ನೀಲಿ ನಾನು."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿತು.

"ಜಯ ಜಿನೇಂದ್ರ ಮೇಡಮ್ಮಾರ! ನಿಮ್ಮ ಪೊಲೀಸ್ರು ಹೇಳಿ ಕಳಿಸಿದ್ರು," ಎನ್ನುತ್ತ ಪಾರಿಸಪ್ಪ ಒಳಗೆ ಬಂದರು. ಬೆಲ್ಲದ ವ್ಯಾಪಾರಿ. ಬಿಳಿ ಧೋತರ, ಹಣೆಯ ಮೇಲೆ ಗಂಧ, ಹಿಮಾಲಯ ಹತ್ತಿ ಬಂದವರಂತೆ ಎದೆಯ ಮೇಲೆ ಕೈ. "ಲಗೂ ಕೇಳಿ ಬಿಟ್ಟಬಿಡ್ರಿ. ಹೊತ್ತ ಮುಳಗೂದ್ರಾಗ ನಂದು ಊಟ ಆಗಬೇಕು."

"ನಿಮಗೂ ಇಂಗರಬಾಯಿಗೂ ಜಗಳ ಆಗಿತ್ತಂತಲ್ರಿ?"

"ಜಗಳ? ಜಗಳ ಅಲ್ರಿ, ಅನ್ಯಾಯ!" ಪಾರಿಸಪ್ಪ ಪಟ್ಟಿಯ ಕಡೆ ಬೆರಳು ತೋರಿಸಿದರು. "ಆ ಬೆಲ್ಲದ ಬಣ್ಣದ ಎಳಿ ನಾನು. ನಾ ಆರಿಸಿ ಕೊಟ್ಟಿದ್ದೆ. ಕಾರ್ ಕೊಟ್ಟೆ, ಡ್ರೈವರನ್ನ ಕೊಟ್ಟೆ, ಬಾಡಗಂಡಿ ಸಕ್ಕರಿ ಫ್ಯಾಕ್ಟರಿ ತೋರಸಾಕ ನಾನ ಹೋದೆ. ನಿಮ್ಮನ್ನ ನನ್ನ ಪುಸ್ತಕದಾಗ ಹಾಕತೀನಿ ಅಂದ್ಲು. ತೇರದಾಳದಾಗ ಎಲ್ಲಾರಿಗೂ ಹೇಳಿಕೊಂಡು ತಿರುಗಿದೆ. ಒಂದಿನಾ ಬಂದು ನೋಡ್ತೀನಿ, ಎರಡ ಬೆರಳ ಉದ್ದ ನೇದಾಳ, ನನ್ನ ಎಳಿ ಕಟ್!"

"ಕೊಂದಿದ್ಲು."

"ಹತ್ತನೇ ಪುಟದಾಗ್ರಿ! ಅಗೊ ಕಾಣಸತೈತಿ ಅಲ್ಲಿ, ನಾಯಿ, ಆ ಕರಿ ಎಳಿ. ಅದೂ ಸತ್ತೈತಿ, ಆದ್ರ ನನಗಿಂತ ಒಂದು ಗೇಣ ಮುಂದ ಹೋಗಿ ಸತ್ತೈತಿ. ನನಗಿಂತ ನಾಯಿ ಹೆಚ್ಚು ಬಾಳಿತು ಮೇಡಮ್ಮಾರ! ಮತ್ತ ಇಂವಾ..." ಪರಮಾನಂದನ ಕಡೆ ತಿರುಗಿದರು. "ಇಂವಾ ಬುಡದಿಂದ ತುದೀತನಾ ಹಂಗ ಅದಾನ ನೋಡ್ರಿ. ನೀಲಿ, ಠಾಕಠೀಕ!"

"ನಾ ಏನ ಮಾಡ್ಲಿ ಸಾವಕಾರ್ರ? ಆಕಿ ಇಷ್ಟ," ಅಂದ ಪರಮಾನಂದ.

"ನಿನ್ನ ಹೆಸರ ಮೈಕಿನಾಗ ಹೇಳಲಿಲ್ಲ, ಕಥಿಯಾಗ ಬದುಕಿಸಿದ್ಲು. ನನ್ನ ಹೆಸರ ಮೈಕಿನಾಗ ಹೇಳಿದ್ಲು, ಕಥಿಯಾಗ ಕೊಂದ್ಲು. ಅದಲಿ ಬದ್ಲಿ ಮಾಡಕೊಳ್ಳೋಣೇನು?"

ಕಾನ್‌ಸ್ಟೇಬಲ್ಲು ಇದ್ದಿದ್ದರೆ ನಗುತ್ತಿದ್ದ. ಯಲ್ಲಾಲಿಂಗನನ್ನು ಗಂಗಾಂಬಿಕಾ ದವಾಖಾನೆಯಲ್ಲಿ ಇಂಗರಬಾಯಿಯ ಹಾಸಿಗೆಯ ಪಕ್ಕ ಕೂರಿಸಿ ಬಂದಿದ್ದಳು.

"ಸಾವಕಾರ್ರ, ಕಡೀ ಸಲ ನೀವು ಈ ಪಟ್ಟಿ ನೋಡಿದ್ದು ಯಾವಾಗ?"

"ಸೋಮವಾರ. ಇನ್ನಾ ನನ್ನ ಬದುಕಸತಾಳೇನಂತ ಕೇಳಾಕ ಬಂದಿದ್ದೆ. ಅವತ್ತ ಮತ್ತೊಂದು ಎಳಿ ಕಡದಿದ್ಲು. ಮೂರು ಜೋತ ಬಿದ್ದಿದ್ವು. ನಂದು, ನಾಯೀದು, ಮತ್ತ ಅಗೊ, ಆ ದಾಳಿಂಬರ ಬಣ್ಣದ್ದು. ಸದ್ಯ, ನನಗೊಂದು ಜೋಡಿ ಆತಲ್ಲ ಅನಕೊಂಡೆ."

ಗಂಗಾಂಬಿಕಾ ಬಗ್ಗಿ ನೋಡಿದಳು.

ಬೆಲ್ಲದ ಎಳೆ ಜೋತಿತ್ತು. ಕರಿ ಎಳೆ ಜೋತಿತ್ತು. ದಾಳಿಂಬರ ಎಳೆ ಜೋತಿರಲಿಲ್ಲ. ಉಳಿದ ಎಳೆಗಳ ಜೊತೆ ಬಿಗಿಯಾಗಿ ಕುರ್ಚಿಯ ಕಾಲಿಗೆ ಹೋಗಿತ್ತು. ಮಧ್ಯದಲ್ಲಿ ಸಾಸಿವೆಗಿಂತ ಸಣ್ಣ ಒಂದು ಗಂಟು. ಬೆರಳಿಂದ ಸವರಿದರೆ ಮಾತ್ರ ಗೊತ್ತಾಗುವಂಥದ್ದು. ಗಂಟಿನ ಎರಡೂ ಬದಿಗೆ ಬೂದು ಬಣ್ಣದ ಸಣ್ಣ ಕಲೆ.

ಬೆರಳಿಗೆ ಅಂಟಿದ್ದನ್ನು ಮೂಸಿದಳು. ವಿಭೂತಿ.

"ಈ ದಾಳಿಂಬರ ಯಾರು?"

"ನನಗ ಹೇಳಲಿಲ್ರಿ," ಅಂದರು ಪಾರಿಸಪ್ಪ.

ಪರಮಾನಂದ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಒರೆಸಿದ, ಮತ್ತೆ ಒರೆಸಿದ. "ನನಗೂ ಗೊತ್ತಿಲ್ರಿ," ಅಂದ.

ಮೂರು ತಿಂಗಳು ಆ ಕಥೆಯ ಒಂದೊಂದು ತಿರುವನ್ನೂ ಕೂತು ಕೇಳಿದವನಿಗೆ ಗೊತ್ತಿಲ್ಲ!

"ನೀವಿಬ್ಬರೂ ತೆಳಗ ಹೋಗ್ರಿ. ಸಾವಕಾರ್ರ, ನೀವು ಮನಿಗೆ ಹೋಗ್ರಿ, ಹೊತ್ತ ಮುಳಗತೈತಿ. ಪರಮಾನಂದ ಅವರ, ಅಂಗಳ ದಾಟಬ್ಯಾಡ್ರಿ. ಹೋಗುವಾಗ ಅಕ್ಕಾರನ್ನ ಮ್ಯಾಲ ಕಳಸ್ರಿ."

ಪರಮಾನಂದನ ಹೆಂಡತಿ ಸೌಂದರ್ಯಾ ಬಂದಾಗ ಅವಳ ಸೀರೆಗೆ ರೇಷ್ಮೆಯ ನೂಲಚೂರು ಅಂಟಿದ್ದವು. ಹಣೆಯ ಮೇಲೆ ಅಚ್ಚುಕಟ್ಟಾಗಿ ವಿಭೂತಿ, ಅದರ ನಡುವೆ ಕುಂಕುಮ. ಆ ಓಣಿಯಲ್ಲಿ ಇನ್ನೂ ಕೈಮಗ್ಗ ನಡೆಸುವ ಮನೆ ಅವಳದೊಂದೇ. ಕುಳಿತುಕೊಳ್ಳಿ ಅಂದರೂ ಕೂರಲಿಲ್ಲ.

"ಇಂಗರಬಾಯಿ ಮ್ಯಾಲ ನಿಮಗ ಸಿಟ್ಟಿತ್ತೇನ ಅಕ್ಕಾರ?"

"ಸಿಟ್ಟ ಯಾಕ್ರಿ? ಮೂರ ತಿಂಗಳ ರೊಟ್ಟಿ ಬಡದ ಹಾಕೇನಿ. ಖಾರ ಆಗತೈತಿ ಅಂದ್ರ ಬ್ಯಾರೇ ಪಲ್ಯಾ ಮಾಡೇನಿ. ಸಿಟ್ಟಿದ್ರ ಮಾಡತಿದ್ನೇನ್ರಿ?"

"ಅದೂ ಖರೇ." ಗಂಗಾಂಬಿಕಾ ಕಿಸೆಯಿಂದ ಒಂದು ಎಳೆ ಹೊರತೆಗೆದಳು. ಬರುವಾಗ ಕೆಳಗಿನ ಮಗ್ಗದ ಬಳಿ ಬಿದ್ದದ್ದನ್ನು ಎತ್ತಿಕೊಂಡಿದ್ದಳು. ಮಾತಾಡುತ್ತಲೇ ಅದನ್ನು ಹರಿದು ಎರಡು ತುಂಡು ಮಾಡಿದಳು. "ನಮ್ಮ ಬೀಳಗಿ ಕಡೆ ಎಲ್ಲಾ ಕಬ್ಬು. ನೂಲು ಅಂದ್ರ ನನಗ ತಿಳಿಯಂಗಿಲ್ಲ. ಇದೊಂದು ಕಟ್ಟಿ ಕೊಡ್ರಿ. ಅಂದಂಗ ನಿಮ್ಮ ಮದಿವಿ ಯಾವ ವರ್ಷ ಆತು?"

"ನಮ್ಮ ಮದಿವೀನ್ರಿ? ಇಪ್ಪತ್ತೆರಡ ವರ್ಷ ಆತ್ರಿ, ಆಗ ನಮ್ಮಪ್ಪ ಇನ್ನಾ..."

ಹೇಳುತ್ತಲೇ ಸೌಂದರ್ಯಾ ಎಳೆ ತೆಗೆದುಕೊಂಡಳು. ಹೆಬ್ಬೆರಳು ತೋರುಬೆರಳು ಒಟ್ಟಿಗೆ ಹಣೆಗೆ ಹೋದವು, ವಿಭೂತಿ ಸವರಿಕೊಂಡು ಕೆಳಗೆ ಬಂದವು. ರೇಷ್ಮೆ ಜಾರಬಾರದೆಂದು ನೇಕಾರರು ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳುತ್ತಾರೆ. ಬೂದಿ ಕೈಗೆಟಕದಿದ್ದರೆ ಅವಳ ಬೆರಳು ಹುಡುಕುತ್ತಿದ್ದ ಜಾಗ ಇದು. ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಬಿತ್ತು. ತುದಿಗಳನ್ನು ಹಲ್ಲಿಂದ ಕಚ್ಚಿ ಉಗುಳಿದಳು.

ಗಂಗಾಂಬಿಕಾ ಅದನ್ನು ಇಸಿದುಕೊಂಡು ಪಟ್ಟಿಯ ಪಕ್ಕ ಹಿಡಿದಳು. ಎರಡೂ ಒಂದೇ ಗಂಟು. ಎರಡಕ್ಕೂ ಅದೇ ಬೂದು ಕಲೆ.

ಸೌಂದರ್ಯಾಳ ಮಾತು ಅರ್ಧಕ್ಕೇ ನಿಂತಿತು.

"ಮೊನ್ನೆ ಕೇಳಿದಾಗ, ಮಂಗಳವಾರ ನೀವು ಈ ಖೋಲಿಗೆ ಬಂದಿಲ್ಲ ಅಂದಿದ್ರಿ," ಅಂದಳು ಗಂಗಾಂಬಿಕಾ.

"ಕಸಾ ಹೊಡ್ಯಾಕ ಬಂದಿದ್ನಿ. ಕಡದ ಎಳಿ ಕಂಡ್ರ ನಮ್ಮ ಕೈ ಸುಮ್ನ ಇರಂಗಿಲ್ರಿ ಮೇಡಮ್ಮಾರ. ಹುಟ್ಟಿದಾಗಿಂದ ಬಂದ ರೂಢಿ. ಯಾರ ಮಗ್ಗ ಇರ್ಲಿ, ಕಟ್ಟೇಬಿಡತೀವಿ."

"ಹೌದು? ಹಂಗಾದ್ರ ಬೆಲ್ಲದ್ದು ಯಾಕ ಕಟ್ಟಲಿಲ್ಲ? ಕರೀದು ಯಾಕ ಕಟ್ಟಲಿಲ್ಲ?"

ಸೌಂದರ್ಯಾ ಪಟ್ಟಿಯ ಕಡೆ ನೋಡಿದಳು.

"ಮೂರು ಕಡದಿದ್ವು ಅಕ್ಕಾರ. ನೀವು ಕಟ್ಟಿದ್ದು ಒಂದ. ದಾಳಿಂಬರ ಅಂದ್ರ ನೀವ, ಹೌದಲ್ಲ?"

ಈಗ ಕೂತಳು. ಕುರ್ಚಿಯ ಮೇಲಲ್ಲ, ನೆಲದ ಮೇಲೆ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವಳ ಹಾಗೆ.

"ಆ ಎಳಿ ನಾನ ಕೊಟ್ಟಿದ್ನಿ. ನನ್ನ ಮಗ್ಗದ ಮ್ಯಾಲಿಂದು. ನೀ ಯಾವ ಬಣ್ಣ ಅಂತ ಆ ಬಾಯಿ ಕೇಳಿದ್ಲು, ಇದು ಅಂದೆ." ಸೀರೆಗಂಟಿದ ನೂಲಚೂರು ಕೀಳುತ್ತ ಅಂದಳು, "ಮಂದಿ ಬ್ಯಾರೇನ ಅಂದ್ರು. ಗಂಡ ಮ್ಯಾಲಿನ ಖೋಲಿಗೆ ಹೋಗತಾನಂತ. ಅರವತ್ತೆಂಟ ವರ್ಷದ ಮುದುಕಿ ರೀ. ಅದಲ್ಲ. ಅದಾಗಿದ್ರ ನಾ ಜಗಳಾ ಮಾಡತಿದ್ನಿ, ಅಳತಿದ್ನಿ, ತೀರತಿತ್ತು. ಇದಕ್ಕ ಏನಂತ ಜಗಳಾ ಮಾಡ್ಲಿ?"

"ಯಾವುದಕ್ಕ?"

"ಮದಿವ್ಯಾದಾಗಿಂದ ಅವರ ಕಥಿ ಮೊದಲ ಕೇಳತಿದ್ದಾಕಿ ನಾನು. ನಾ ಕಂಡಿಕಿಗೆ ನೂಲ ಸುತ್ತಕೋತ ಕುಂದರತಿದ್ನಿ, ಅವರು ಬಾಜೂಕ ಕುಂತು ಹೇಳತಿದ್ರು. ಕೊಲಿಗಾರ ಯಾರಂತ ಈ ಜಗತ್ತಿನಾಗ ಮೊದಲ ತಿಳೀತಿದ್ದದ್ದು ನನಗ. ಬಾಜೂಮನಿ ಮುತ್ತವ್ವ ಬಂದು, ಯಾರ ಹೇಳ ಬೇ, ಒಂದ ಸಲ ಹೇಳ ಬೇ ಅಂತ ಗದ್ದ ಹಿಡದ ಕೇಳತಿದ್ಲು. ಬಾಯಿ ಬಿಡತಿದ್ದಿಲ್ಲ. ಪತ್ರಿಕಿ ಬರೂಮಟ ಹೊಟ್ಟ್ಯಾಗ ಇಟಗೊಂಡು ತಿರುಗತಿದ್ನಿ. ಬಂಗಾರ ಕೇಳಿಲ್ಲ, ಸೀರಿ ಕೇಳಿಲ್ಲ. ಮಕ್ಕಳಿಲ್ಲಂತ ಮಂದಿ ಅಂದ್ರೂ ಮನಸಿಗೆ ಹಚಗೊಂಡಿಲ್ಲ. ಅದೊಂದು ನಂದಿತ್ತು."

ಗಂಗಾಂಬಿಕಾ ಅವಳು ಗಂಟು ಹಾಕಿಕೊಟ್ಟ ಎಳೆಯನ್ನು ಕಿಸೆಗೆ ಹಾಕಿಕೊಂಡಳು.

"ಆಕಿ ಬಂದ ಮ್ಯಾಲ ಇಲ್ಲಿ ಬಂದು ಹೇಳತಾರ. ಇಂಗ್ಲಿಷಿನಾಗ. ನಕ್ಕಿದ್ದು ತೆಳಗ ಕೇಳಸತೈತಿ. ಏನಾತ್ರಿ ಅಂದ್ರ, ನಿನಗ ತಿಳಿಯಂಗಿಲ್ಲ ಬಿಡು ಅಂತಾರ. ಇಪ್ಪತ್ತೆರಡ ವರ್ಷ ತಿಳದದ್ದು ಈಗ ತಿಳಿಯಂಗಿಲ್ಲಂತ!"

"ಮಂಗಳವಾರ ಏನಾತು?"

"ಕಸಾ ಹೊಡ್ಯಾಕ ಬಂದೆ. ನನ್ನ ಎಳಿ ಜೋತ ಬಿದ್ದಿತ್ತು. ಇಬ್ಬರೂ ಕೂಡಿ ನನ್ನ ಕೊಂದಾರ ಅನಿಸ್ತು. ಕಟ್ಟಿದೆ. ಕಟ್ಟಿ ಮ್ಯಾಲ ನೋಡ್ತೀನಿ, ಬಾಗಲದಾಗ ಆ ಬಾಯಿ ನಿಂತಾಳ."

"ಬೈದ್ಲೇನು?"

"ಇಲ್ಲ. ನಕ್ಲು. ಬಾಜೂಕ ಕುಂತ್ಲು. ನನ್ನ ಕೈ ಹಿಡದು ಗಂಟ ಸವರಿ ನೋಡಿ, ಛಲೋ ಛಲೋ ಅಂದ್ಲು. ಆಕಿಗೆ ಬರೂದು ಅಂಥಾ ನಾಕ ಮಾತು. ಆಮ್ಯಾಲ..." ಸೌಂದರ್ಯಾ ಎದ್ದು ಪಟ್ಟಿಯ ಹತ್ತಿರ ಹೋದಳು. "ಆಮ್ಯಾಲ ಕಥಿ ಹೇಳಿದ್ಲು. ಮಾತಿನಾಗ ಅಲ್ರಿ, ಎಳಿಯೊಳಗ. ಇದು ನೀ ಅಂತ ದಾಳಿಂಬರ ತೋರಿಸಿದ್ಲು. ಸಾಯಸಾಂವ ಯಾರು ಅಂತ ನಾ ಕೈ ಮಾಡಿ ಕೇಳಿದೆ. ಒಂದ ಎಳಿ ತಗೊಂಡು ನನ್ನ ಎಳಿಗೆ ಹಿಂಗ ಸುತ್ತಿದ್ಲು. ಸುತ್ತಿ ಬಿಗದ್ಲು."

"ಯಾವ ಎಳಿ?"

ಸೌಂದರ್ಯಾ ಪಟ್ಟಿಯಿಂದ ಕೈ ತೆಗೆದಳು.

"ಅಕ್ಕಾರ, ಹೊತ್ತ ಮುಳಗಿದ ಮ್ಯಾಲ ನಾ ನಿಮ್ಮ ಯಜಮಾನರನ್ನ ಠಾಣೆಗೆ ಒಯ್ಯಬೇಕು. ನಿಮಗ ಗೊತ್ತಿದ್ದದ್ದು ಹೇಳಿದ್ರ ಅವರಿಗೆ ಛಲೋ ಆದೀತು."

"ಹೇಳಿದ್ರ ಛಲೋ ಆಗಂಗಿಲ್ರಿ," ಅಂದಳು ಸೌಂದರ್ಯಾ, ಬಹಳ ಮೆಲ್ಲಗೆ. "ಮತ್ತ ಕೊಲಿಗಾರ ಯಾರಂತ ಮೊದಲ ನನಗ ಹೇಳಿದ್ದನ್ನ ನಾ ಯಾರಿಗೂ ಹೇಳಿದಾಕಿ ಅಲ್ಲ."

"ನೀಲಿ ಎಳಿ."

ಅವಳ ಕಣ್ಣು ತುಂಬಿ ಬಂದವು. ಅದೇ ಉತ್ತರ.

"ಕಥಿಯಾಗ ಗಂಡ ಹೇಣ್ತಿನ್ನ ಕೊಲ್ಲತಾನ. ಅದನ್ನ ಬರದಾಕಿ ಇಂಗರಬಾಯಿ. ಅದರಾಗ ನಿಮ್ಮ ಯಜಮಾನರದೇನು?"

"ಅದನ್ನೂ ಕೇಳಿದೆ. ಇದು ನಿನ್ನ ತಲ್ಯಾಗಿಂದೇನು ಅಂತ. ಆಕಿ ತಲಿ ಅಲ್ಲಾಡಿಸಿದ್ಲು. ಎರಡ ಮಾತ ಅಂದ್ಲು. ಪರಮಾನಂದ. ಐಡಿಯಾ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೆಂಗ ಸಾಯಸತಾನಂತ ಕೇಳಿದೆ ಮೇಡಮ್ಮಾರ. ಬಾಯಿ ಬಿಟ್ಟ ಕೇಳಿದೆ, ಹೆಂಗ ಅಂತ. ಆಕಿ ಮಾರಿ ಸಪ್ಪಗಾತು. ನಾಳೆ ಅಂದ್ಲು. ನಾಳೆ ಹೇಳತೇನಿ ಅಂತ. ನಾ ಇಳದ ಹೋಗಿ ಮಗ್ಗಕ್ಕ ಕುಂತೆ. ಆ ಸಪ್ಪಳದಾಗ ಬಿದ್ದದ್ದೂ ಕೇಳಸಲಿಲ್ಲ."

"ಆಗ ನಿಮ್ಮ ಯಜಮಾನರು ಎಲ್ಲಿದ್ರು?"

"ಮಹಾಲಿಂಗಪುರದಾಗ. ಅವರ ಹೇಳ್ಯಾರಲ್ರಿ."

"ಅವರು ಹೇಳಿದ್ದು ನನಗೂ ಗೊತ್ತೈತಿ. ನೀವು ನೋಡಿದ್ದು ಹೇಳ್ರಿ."

"ಮಗ್ಗಕ್ಕ ಕುಂತಾಕಿಗೆ ಮಗ್ಗ ಬಿಟ್ಟು ಮತ್ತೇನ ಕಾಣತೈತ್ರಿ?"

ಹೇಳುವಾಗ ಅವಳು ಗಂಗಾಂಬಿಕಾಳ ಮುಖ ನೋಡಲಿಲ್ಲ. ಗಂಗಾಂಬಿಕಾ ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದಿದ್ದಳು, ಫೋನು ಬಡಿದುಕೊಂಡಿತು. ಯಲ್ಲಾಲಿಂಗ.

"ಮೇಡಮ್ಮಾರ, ಬಾಯಿಗೆ ಎಚ್ಚರಾತ್ರಿ! ಕಣ್ಣ ಬಿಟ್ಲು, ನೀರ ಕೇಳಿದ್ಲು, ಒಂದ ಮಾತ ಹೇಳಿದ್ಲು, ಮತ್ತ ಮಲಗಿದ್ಲು. ಡಾಕ್ಟರ್ರು ಅದನ್ನ ಕನ್ನಡದಾಗ ನನಗ ತಿಳಿಸಿ ಹೇಳಿದ್ರು."

"ಯಾರ ನೂಕಿದ್ರಂತ?"

"ಅದನ್ನ ಹೇಳಲಿಲ್ರಿ. ಸೌಂದರ್ಯಾನ್ನ ಆ ಮನಿಯಾಗ ಒಬ್ಬಾಕಿನ್ನ ಬಿಡಬ್ಯಾಡ್ರಿ ಅಂತ. ಅಷ್ಟ."

ಗಂಗಾಂಬಿಕಾ ಫೋನು ಕಿಸೆಗೆ ಹಾಕಿದಳು.

"ಇಂಗರಬಾಯಿಗೆ ಎಚ್ಚರಾಗೈತಿ."

"ಹೌದ್ರಿ?" ಸೌಂದರ್ಯಾಳ ಮುಖದ ಮೇಲೆ ಬಂದದ್ದು ಮೊದಲು ಸಮಾಧಾನ. ಮರುಕ್ಷಣವೇ ಇನ್ನೊಂದು. "ಮೊದಲ ಯಾರ ಹೆಸರ ತಗೊಂಡ್ಲು? ಅವರದೇನು?"

"ನಿಮ್ಮದು."

"ನಂದು?"

"ನಿಮ್ಮದ. ನಿಮ್ಮನ್ನ ಈ ಮನಿಯಾಗ ಒಬ್ಬಾಕಿನ್ನ ಬಿಡಬ್ಯಾಡ ಅಂದಾಳ. ಏಳ್ರಿ, ನನ್ನ ಜೋಡಿ ನಡೀರಿ. ಈಗ."

"ಅದು ಕಥಿ ಮೇಡಮ್ಮಾರ," ಅಂದಳು ಸೌಂದರ್ಯಾ. ಮಗುವಿಗೆ ತಿಳಿಹೇಳುವ ದನಿಯಲ್ಲಿ. "ಕಥಿಯಾಗ ಯಾರ ಯಾರನ್ನ ಕೊಂದಾರ ಅವರು! ತಹಶೀಲ್ದಾರನ್ನ ಕೊಂದಾರ. ಒಮ್ಮೆ ಸಿಟ್ಟಿಗೆದ್ದು ಸಂಪಾದಕರನ್ನ ಕೊಂದಾರ. ಇಲ್ಲೀಮಟ ಎಲ್ಲಾರೂ ಅಡ್ಡ್ಯಾಡಕೋತ ಅದಾರ. ನಿಂದರ್ರಿ, ಅವರಿಗೆ ಎರಡ ರೊಟ್ಟಿ ಬಡದಿಟ್ಟ ಬರತೇನಿ. ಠಾಣೆಯಾಗ ಯಾರ ಊಟಕ್ಕ ಕೊಡತಾರ?"

"ರೊಟ್ಟಿ ಆಮ್ಯಾಲ. ನಡೀರಿ."

ಬಾಗಿಲ ಹೊರಗೆ ಏನೋ ಟಣ್ ಅಂತು.

ಪರಮಾನಂದ ಹೊಸಿಲ ಮೇಲೆ ನಿಂತಿದ್ದ. ಮೆಟ್ಟಿಲು ಹತ್ತಿದ ಸದ್ದು ಇಬ್ಬರಿಗೂ ಕೇಳಿಸಿರಲಿಲ್ಲ. ಯಾವಾಗ ಬಂದಿದ್ದನೋ. ಬರಿಗಾಲಲ್ಲಿದ್ದ. ಕೈಯಲ್ಲಿ ತಾಟು, ತಾಟಿನಲ್ಲಿ ಎರಡು ಕಪ್ಪು ಬಸಿ.

"ಚಹಾ," ಅಂದ.

ಸೌಂದರ್ಯಾ ಎದ್ದು ನಿಂತಳು. "ಯಾರ ಮಾಡಿದ್ರು? ಮುತ್ತವ್ವನೇನು?"

"ನಾ ಮಾಡೇನಿ."

"ನೀವಾ? ಸಕ್ಕರಿ ಎಲ್ಲೈತೆಂತ ಗೊತ್ತಾತು?"

"ಹುಡಿಕಿದೆ."

"ಇಪ್ಪತ್ತೆರಡ ವರ್ಷದಾಗ ಒಲಿ ಹಚ್ಚಿದವರಲ್ರಿ ಇವರು," ಅಂದಳು ಸೌಂದರ್ಯಾ, ಗಂಗಾಂಬಿಕಾಳ ಕಡೆ ತಿರುಗಿ. ಅತ್ತಿದ್ದ ಕಣ್ಣು ಇನ್ನೂ ಕೆಂಪಗಿದ್ದವು. ಆದರೆ ಆ ಮುಖ! ಕದ್ದ ಆಭರಣ ಮರಳಿ ಸಿಕ್ಕವಳ ಮುಖ. "ನೋಡ್ರಿ ಮತ್ತ!"

ಪರಮಾನಂದ ಒಳಗೆ ಬಂದ. ಮನೆಗೆ ಬಂದವರಿಗೆ ಮೊದಲು ಕೊಡುವುದು ಆ ಊರಿನ ರೀತಿ, ಅದರಲ್ಲೂ ಬಂದವರು ಪೊಲೀಸರಾದರೆ ಕೇಳುವುದೇ ಬೇಡ. ಅವನು ಗಂಗಾಂಬಿಕಾಳನ್ನು ದಾಟಿ ಹೋದ. ತಾಟಿನ ಬಲಬದಿಯ ಕಪ್ಪನ್ನು ಬಸಿಸಮೇತ ತಾನೇ ಎತ್ತಿ ಹೆಂಡತಿಯ ಕೈಗಿಟ್ಟ.

"ಮೊದಲ ನೀ ತಗೊ," ಅಂದ.

ಗಂಗಾಂಬಿಕಾ ಒಂದು ಹೆಜ್ಜೆ ಮುಂದೆ ಬಂದಳು. "ಅಕ್ಕಾರ, ಆ ಕಪ್ಪು ನನಗ ಕೊಡ್ರಿ."

"ನಿಮ್ಮದು ತಾಟಿನಾಗ ಐತಲ್ರಿ."

"ನನಗ ಅದ ಬೇಕು. ಕೊಡ್ರಿ ಇಲ್ಲಿ."

"ಇದು ನಂದ್ರಿ ಮೇಡಮ್ಮಾರ!"

ಗಂಗಾಂಬಿಕಾ ಕೈ ಚಾಚುವಷ್ಟರಲ್ಲಿ ಸೌಂದರ್ಯಾ ಭುಜ ತಿರುಗಿಸಿ ಗೋಡೆಯ ಕಡೆಗಾದಳು. ಚಹಾವನ್ನು ಬಸಿಗೆ ಸುರಿದುಕೊಂಡು, ಊದದೆಯೇ, ಒಂದೇ ಗುಟುಕಿಗೆ ಕುಡಿದುಬಿಟ್ಟಳು. ಪರಮಾನಂದ ತಾಟು ಕೆಳಗಿಡದೆ ಅವಳನ್ನೇ ನೋಡುತ್ತ ನಿಂತಿದ್ದ. ಅವಳ ಬಸಿ ಬರಿದಾದದ್ದನ್ನು ನೋಡಿದ ಮೇಲೆಯೇ ಉಳಿದ ಕಪ್ಪನ್ನು ಗಂಗಾಂಬಿಕಾಳ ಕಡೆ ಚಾಚಿದ.